ಹಂದಿ ಯಾರೆಂದು ಗೊತ್ತು, ಹಾಲು ಎಲ್ಲಿ ಹೋಯಿತೆಂದು ಗೊತ್ತಿಲ್ಲ

ಚಂದ್ರವಳ್ಳಿ

ಇಲ್ಲಿ ಮೇಷ್ಟ್ರುಗಳೂ ನಾಟಕದವರೂ ಬಹಳ ಮಂದಿ ಇದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ.

ಚಿತ್ರದುರ್ಗದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಹದಿನೆಂಟು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಓದುಕೂಟ ನಡೆಸುತ್ತಿದ್ದೇನೆ. ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚಿನವರು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಈ ಸಲ ಕೈಗೆತ್ತಿಕೊಂಡದ್ದು ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್'. ಯಜಮಾನ ಜೋನ್ಸ್‌ನನ್ನು ಓಡಿಸಿ ಪ್ರಾಣಿಗಳೇ ಹೊಲಮನೆ ನಡೆಸುವ, ಆಮೇಲೆ ಹಂದಿಗಳು ಅಧಿಕಾರ ಹಿಡಿಯುವ ಕಥೆ, ಒಳಗೆ ರಷ್ಯದ ಕ್ರಾಂತಿಯ ಅಣಕ. ಓದುವುದು ಇಂಗ್ಲಿಷಿನಲ್ಲಿ, ಮಾತನಾಡುವುದು ಕನ್ನಡದಲ್ಲಿ.

ತೊಂದರೆ ಮೊದಲ ದಿನವೇ ಶುರುವಾಯಿತು. ಎಲ್ಲರೂ ಮೊಬೈಲಿನಿಂದ ಒಂದು ಪಟ್ಟಿ ಇಳಿಸಿಕೊಂಡು ಬಂದಿದ್ದರು. ನೆಪೋಲಿಯನ್ ಎಂಬ ಹಂದಿ ಎಂದರೆ ಸ್ಟಾಲಿನ್, ಸ್ನೋಬಾಲ್ ಎಂಬ ಇನ್ನೊಂದು ಹಂದಿ ಎಂದರೆ ಅವನ ಎದುರಾಳಿ ಟ್ರಾಟ್‌ಸ್ಕಿ, ಬಾಕ್ಸರ್ ಎಂಬ ಕುದುರೆ ಎಂದರೆ ದುಡಿಯುವ ವರ್ಗ, ಸ್ಕ್ವೀಲರ್ ಎಂಬ ಹಂದಿ ಎಂದರೆ ಸರ್ಕಾರಿ ಪ್ರಚಾರ. ಪಟ್ಟಿ ಕೈಗೆ ಬಂದದ್ದೇ ಅವರ ಮಟ್ಟಿಗೆ ಪುಸ್ತಕ ಮುಗಿಯಿತು. "ನೆಪೋಲಿಯನ್ ಎಂಥವನು?" ಎಂದು ಕೇಳಿದೆ. "ಸರ್ವಾಧಿಕಾರಿ ಮೇಡಂ." "ಅವನು ಆಡಿದ ಯಾವ ಮಾತಿನಿಂದ ನಿಮಗೆ ಹಾಗೆ ಅನ್ನಿಸಿತು?" ಎಂದರೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: "ಸ್ಟಾಲಿನ್ ಅಲ್ಲವೇ ಮೇಡಂ, ಅದಕ್ಕೇ."

ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವ ರಾಜಕೀಯ ಅನ್ಯೋಕ್ತಿಯಲ್ಲಿ ಪಾತ್ರ ಅನ್ನುವುದು ಮಾತಿನಿಂದ, ನಡೆದ ಘಟನೆಯಿಂದ ಕಟ್ಟಿಕೊಳ್ಳುತ್ತದೆ ಎಂಬುದನ್ನು ನೀವು ಹೇಗೆ ಕಲಿಸುತ್ತೀರಿ? ಪಟ್ಟಿಯನ್ನು ಕಿತ್ತುಕೊಳ್ಳಲೇ, ಇರಲಿ ಬಿಡಲೇ?

ತುರುವನೂರು ಮೇಷ್ಟ್ರು

ಮೇಡಂ, ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಿಮ್ಮ ಆರ್ವೆಲ್ ಇಂಗ್ಲಿಷಿನವನಿರಬಹುದು, ನೀವು ಹುಡುಕುತ್ತಿರುವ ಸಲಕರಣೆ ಮಾತ್ರ ನಮ್ಮ ಕನ್ನಡ ಪ್ರಶ್ನೆಪತ್ರಿಕೆಯ ಮೂಲೆಯಲ್ಲೇ ತುಕ್ಕು ಹಿಡಿದು ಬಿದ್ದಿದೆ. 'ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿರಿ.'

ತುಕ್ಕು ಹಿಡಿಸಿದವರು ನಾವೇ. ಇಂಥ ಪಾಠದಿಂದ ಆರಿಸಲಾಗಿದೆ ಎಂದು ಒಂದು ಸಾಲು, ಇಂಥವರು ಇಂಥವರಿಗೆ ಹೇಳಿದರು ಎಂದು ಒಂದು ಸಾಲು, ಆಮೇಲೆ ಸ್ವಾರಸ್ಯ ಎಂದು ಬರೆದು 'ಈ ಮಾತು ಅರ್ಥಪೂರ್ಣವಾಗಿದೆ' ಎಂಬ, ಮದುವೆ ಮನೆಗೂ ಮಸಣಕ್ಕೂ ಸಲ್ಲುವ ಒಂದು ಸಾಲು. ಅಷ್ಟಕ್ಕೆ ಪೂರ್ತಿ ಅಂಕ. ನಾನೂ ಕೊಟ್ಟಿದ್ದೇನೆ, ಸುಳ್ಳು ಹೇಳುವುದಿಲ್ಲ. ಕಟ್ಟು ಕಟ್ಟು ಉತ್ತರಪತ್ರಿಕೆ ಎದುರಿಗಿದ್ದಾಗ ಯಾರು ತಾನೇ ಸ್ವಾರಸ್ಯ ಹುಡುಕುತ್ತಾರೆ?

ಆದರೆ ಆ ಪ್ರಶ್ನೆಯನ್ನು ನಿಜವಾಗಿ ಕೇಳಿ ನೋಡಿ. ಯಾರು ಹೇಳಿದರು, ಯಾರಿಗೆ, ಯಾವ ಹೊತ್ತಿನಲ್ಲಿ, ಆಗ ಅಲ್ಲಿ ಇನ್ನು ಯಾರಿದ್ದರು. ಇದು ಸಂದರ್ಭ. ಆ ಮಾತನ್ನು ಬೇರೆ ಯಾರೂ ಆಡಲಾರರು, ಇವನೇ ಆಡಬೇಕು ಎಂದು ಏಕೆ ಅನ್ನಿಸುತ್ತದೆ. ಇದು ಸ್ವಾರಸ್ಯ. ಇದಕ್ಕೆ ನಾನು ಒಂದು ಬಾಲಂಗೋಚಿ ಕಟ್ಟುತ್ತಿದ್ದೆ: ಮಾತು ಮುಗಿದ ಮೇಲೆ ಏನಾಯಿತು?

ನಿಮ್ಮ ಪುಸ್ತಕದ ಎರಡನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ. ಜೋನ್ಸ್‌ನನ್ನು ಓಡಿಸಿಯಾಗಿದೆ. ಗೋಡೆಯ ಮೇಲೆ ಏಳು ಕಟ್ಟಳೆಗಳನ್ನು ಬರೆದ ಬಣ್ಣ ಇನ್ನೂ ಆರಿಲ್ಲ. ಹಸುಗಳಿಗೆ ಕೆಚ್ಚಲು ಬಿಗಿದು ನೋವಾಗಿ ಕೂಗುತ್ತವೆ, ಹಂದಿಗಳು ಹಾಗೂ ಹೀಗೂ ಹಾಲು ಕರೆಯುತ್ತವೆ. ನೊರೆ ನೊರೆಯಾದ ಐದು ಬಕೆಟ್ ಹಾಲು. ಈ ಹಾಲನ್ನೇನು ಮಾಡುವುದು ಎಂದು ಯಾರೋ ಕೇಳುತ್ತಾರೆ. ಜೋನ್ಸ್ ನಮ್ಮ ತೌಡಿಗೆ ಒಂದಿಷ್ಟು ಬೆರೆಸುತ್ತಿದ್ದ ಎಂದು ಒಂದು ಕೋಳಿ ಹೇಳುತ್ತದೆ. ಆಗ ನೆಪೋಲಿಯನ್ ಬಂದು ಬಕೆಟ್ಟುಗಳ ಮುಂದೆ ನಿಂತುಕೊಳ್ಳುತ್ತಾನೆ. ಹಾಲಿನ ಚಿಂತೆ ಬೇಡ, ಹುಲ್ಲಿನ ಕೊಯ್ಲು ಮುಖ್ಯ, ಸ್ನೋಬಾಲ್ ಮುಂದೆ ನಡೆಯಲಿ, ನಾನು ಹಿಂದಿನಿಂದ ಬರುತ್ತೇನೆ ಎನ್ನುತ್ತಾನೆ. ಎಲ್ಲರೂ ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಹಾಲಿಲ್ಲ.

ಬೈಗುಳವಿಲ್ಲ, ಬೆದರಿಕೆಯಿಲ್ಲ. ಹಾಲು ಕುಡಿದವರು ಯಾರೆಂದು ಆ ಅಧ್ಯಾಯದಲ್ಲಿ ಲೇಖಕ ಹೇಳುವುದೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು ಎಂಬ ಗಾದೆ ನಮ್ಮದು. ಇಲ್ಲಿ ಹಂದಿ ತನ್ನ ಕಣ್ಣು ಮುಚ್ಚಿಕೊಳ್ಳಲಿಲ್ಲ, ಉಳಿದವರ ಕಣ್ಣನ್ನು ಹುಲ್ಲುಗಾವಲಿನ ಕಡೆ ತಿರುಗಿಸಿತು. ಅಲ್ಲಿ ನಿಂತ ಜಾಗ, ಆಡಿದ ಎರಡು ಮಾತು, ಸಂಜೆಯ ಖಾಲಿ ಬಕೆಟ್ಟು. ಮೂರನ್ನೂ ಸೇರಿಸಿದ ವಿದ್ಯಾರ್ಥಿಗೆ ಸ್ಟಾಲಿನ್ ಹೆಸರು ಗೊತ್ತಿರದಿದ್ದರೂ ನೆಪೋಲಿಯನ್ ಯಾರೆಂದು ಗೊತ್ತಾಗುತ್ತದೆ.

ಮಂಡಕ್ಕಿಭಟ್ಟಿ

ಮೇಷ್ಟ್ರ ಮಾತು ಕೇಳಲು ಚೆನ್ನಾಗಿದೆ. ಆದರೆ ನಾನು ದಾವಣಗೆರೆಯಲ್ಲಿ ಇತಿಹಾಸ ಹೇಳುವವನು, ನನಗೆ ಹೊಟ್ಟೆ ಉರಿಯುತ್ತದೆ. ಹೆಸರು ಗೊತ್ತಿರದಿದ್ದರೂ ಸರಿ ಎಂದರೆ ಅದು ಬಾಲಮಿತ್ರದ ಕಥೆಯಾಯಿತು, ರಾಜಕೀಯ ಅನ್ಯೋಕ್ತಿ ಹೇಗಾದೀತು?

1917ರ ಕ್ರಾಂತಿ, 1929ರಲ್ಲಿ ಟ್ರಾಟ್‌ಸ್ಕಿಯನ್ನು ಸೋವಿಯತ್ ಒಕ್ಕೂಟದಿಂದಲೇ ಹೊರಹಾಕಿದ್ದು, 1940ರಲ್ಲಿ ಮೆಕ್ಸಿಕೋದಲ್ಲಿ ಅವನ ಕೊಲೆ, ಮೂವತ್ತರ ದಶಕದ ಮಾಸ್ಕೋ ವಿಚಾರಣೆಗಳಲ್ಲಿ ಹಳೆಯ ಕ್ರಾಂತಿಕಾರರೇ ಎದ್ದು ನಿಂತು ಮಾಡದ ತಪ್ಪು ಒಪ್ಪಿಕೊಂಡದ್ದು. ಇದೆಲ್ಲ ಗೊತ್ತಿಲ್ಲದಿದ್ದರೆ ಏಳನೆಯ ಅಧ್ಯಾಯದಲ್ಲಿ ಕೋಳಿಗಳೂ ಕುರಿಗಳೂ ತಾವಾಗಿ ಬಂದು ತಪ್ಪೊಪ್ಪಿಕೊಂಡು ನಾಯಿಗಳ ಬಾಯಿಗೆ ಬೀಳುವುದು ಹುಚ್ಚಾಟದಂತೆ ಕಾಣುತ್ತದೆ. ಆ ಪುಸ್ತಕ ಅಚ್ಚಾಗಿ ಹೊರಬಂದದ್ದು 1945ರ ಆಗಸ್ಟಿನಲ್ಲಿ. ಅದಕ್ಕೂ ಮೊದಲು ಹಲವು ಪ್ರಕಾಶಕರು ಅದನ್ನು ಹಿಂದಿರುಗಿಸಿದ್ದರು, ಏಕೆಂದರೆ ಯುದ್ಧದಲ್ಲಿ ರಷ್ಯ ಬ್ರಿಟನ್ನಿನ ಪಕ್ಕದಲ್ಲಿತ್ತು. ಇದನ್ನೆಲ್ಲ ಬಿಟ್ಟು ಬಕೆಟ್ಟು ಎಣಿಸುತ್ತ ಕೂರುವುದೇ?

ಪಟ್ಟಿ ಇರಲಿ. ಪಟ್ಟಿಯಿಂದಲೇ ಶುರು ಮಾಡಿ.

ಹಳೆಪರದೆ

ಭಟ್ಟಿಯವರೇ, ಮಂಡಕ್ಕಿ ಬಿಸಿಯಾಗಿದೆ, ಸ್ವಲ್ಪ ಆರಲಿ.

ನಾನು ಹೊಸದುರ್ಗದ ಕಡೆಯವನು. ಸಾಣೇಹಳ್ಳಿಯ ನಾಟಕಗಳನ್ನು ನೋಡುತ್ತಲೇ ಹುಚ್ಚು ಹಿಡಿಸಿಕೊಂಡವನು. ಈಗ ಶಾಲೆಗಳಿಗೆ ಹೋಗಿ ಮಕ್ಕಳ ಕೈಯಲ್ಲಿ ನಾಟಕ ಆಡಿಸುತ್ತೇನೆ. ನಟನಿಗೆ ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. 'ನೀನು ಸರ್ವಾಧಿಕಾರಿ' ಎಂದು ಹೇಳಿದ ಕೂಡಲೇ ಹುಡುಗ ಎದೆ ಉಬ್ಬಿಸಿ, ಹುಬ್ಬು ಗಂಟಿಕ್ಕಿ, ಬಯಲಾಟದ ರಾಕ್ಷಸನಂತೆ ಕಿರುಚಲು ಶುರು ಮಾಡುತ್ತಾನೆ. ಆದರೆ ಪುಸ್ತಕದ ನೆಪೋಲಿಯನ್ ಹೆಚ್ಚು ಮಾತನಾಡುವವನೇ ಅಲ್ಲ. ಗಾಳಿಯಂತ್ರದ ಚರ್ಚೆಯ ದಿನ ಸ್ನೋಬಾಲ್ ಮೈಮರೆತು ಭಾಷಣ ಮಾಡುತ್ತಾನೆ, ಇವನು ಎದ್ದು ನಿಂತು ಮೆಲ್ಲಗೆ, ಇದೆಲ್ಲ ಕೆಲಸಕ್ಕೆ ಬಾರದ್ದು, ಯಾರೂ ಇದಕ್ಕೆ ಮತ ಹಾಕಬೇಡಿ ಎಂದು ಅರ್ಧ ನಿಮಿಷದಲ್ಲಿ ಮುಗಿಸಿ ಕುಳಿತುಬಿಡುತ್ತಾನೆ. ಆಮೇಲೆ ಸ್ನೋಬಾಲ್ ಮತ್ತೆ ಎದ್ದು ಸಭೆಯನ್ನು ಪೂರ್ತಿ ಗೆದ್ದ ಹೊತ್ತಿಗೆ ಇವನು ಒಂದು ವಿಚಿತ್ರ ಸದ್ದು ಮಾಡುತ್ತಾನೆ, ಒಂಬತ್ತು ನಾಯಿಗಳು ನುಗ್ಗುತ್ತವೆ. ಮರಿಗಳಾಗಿದ್ದಾಗಲೇ ತಾಯಿಯಿಂದ ಬಿಡಿಸಿ ಅಟ್ಟದಲ್ಲಿಟ್ಟು ಸಾಕಿದ ನಾಯಿಗಳು. ಮಾತು ಬಾರದವನಲ್ಲ ಅವನು, ಮಾತು ಬೇಕಿಲ್ಲದವನು. ಇದನ್ನು ಯಾವ ಪಟ್ಟಿ ಹೇಳುತ್ತದೆ?

ಇನ್ನೊಂದು. ಸೋವಿಯತ್ ಕುರಿತ ಸುಳ್ಳನ್ನು ಬಯಲಿಗೆಳೆಯಬೇಕೆಂಬ ಯೋಚನೆ ಆರ್ವೆಲ್‌ಗೆ ಮೊದಲೇ ಇತ್ತು, ಒಪ್ಪಿದೆ. ಆದರೆ ಅದು ಕಥೆಯಾದದ್ದು ಹೇಗೆಂದು ಅವನೇ 1947ರಲ್ಲಿ ಉಕ್ರೇನಿಯನ್ ಅನುವಾದದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಹತ್ತು ವರ್ಷದ ಒಬ್ಬ ಪುಟ್ಟ ಹುಡುಗ ದೊಡ್ಡ ಗಾಡಿಕುದುರೆಯೊಂದನ್ನು ಕಿರಿದಾದ ದಾರಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದ, ಅದು ತಿರುಗಲು ನೋಡಿದಾಗಲೆಲ್ಲ ಚಾಟಿ ಬೀಸುತ್ತಿದ್ದ. ಈ ಪ್ರಾಣಿಗಳಿಗೆ ತಮ್ಮ ಬಲ ಗೊತ್ತಾದರೆ ಏನು ಗತಿ ಎಂದು ಆಗ ಹೊಳೆಯಿತಂತೆ. ಕಥೆ ಹುಟ್ಟಿದ್ದು ಚಾಟಿಯೇಟಿನ ಸದ್ದಿನಿಂದ.

ಮೇಡಂ, ಇಂಗ್ಲಿಷಿನ ಜೊತೆಗೆ ಒಂದು ಕನ್ನಡದ್ದೂ ಇರಲಿ. ಕಾರ್ನಾಡರ 'ತುಘಲಕ್' 1964ರದ್ದು. ನೆಹರೂ ಕಾಲದ ಕನಸು ಕರಗಿದ್ದರ ಜೊತೆಗಿಟ್ಟು ಅದನ್ನು ಓದುವುದು ವಾಡಿಕೆ. ಅದರ ಎಂಟನೆಯ ದೃಶ್ಯ ತೆಗೆದುಕೊಳ್ಳಿ. ದೌಲತಾಬಾದ್ ಕೋಟೆ, ರಾತ್ರಿ, ಇಬ್ಬರು ಕಾವಲುಗಾರರು, ಒಬ್ಬ ಮುದುಕ, ಒಬ್ಬ ಹುಡುಗ. ದೆಹಲಿಯಿಂದ ನಡೆದು ಬಂದ ದಾರಿಯಲ್ಲಿ ಮುದುಕ ತನ್ನವರನ್ನು ಕಳೆದುಕೊಂಡಿದ್ದಾನೆ. ಸುಲ್ತಾನ ಬರುತ್ತಾನೆ. ಹುಡುಗನ ವಯಸ್ಸು ಕೇಳುತ್ತಾನೆ. ಹತ್ತೊಂಬತ್ತು. ಅಷ್ಟೇ, ಹುಡುಗನ ಬಗ್ಗೆ ಅವನಿಗೆ ಬೇಕಾದದ್ದು ಮುಗಿಯಿತು. ಮುಂದೆ ತನ್ನ ಇಪ್ಪತ್ತೊಂದನೆಯ ವಯಸ್ಸು, ತಾನು ಕಟ್ಟಿಸಿದ ಕೋಟೆ, ತನ್ನ ನಿದ್ರೆ ಬಾರದ ರಾತ್ರಿ. ಪ್ರಜೆಯ ಜೊತೆ ಮಾತನಾಡುತ್ತಿದ್ದೇನೆ ಎಂದುಕೊಂಡು ತನ್ನೊಂದಿಗೇ ಮಾತನಾಡಿಕೊಳ್ಳುವ ದೊರೆ. ಆ ಹುಡುಗನ ಪಾತ್ರಕ್ಕೆ ನಾನು ಯಾವಾಗಲೂ ತರಗತಿಯ ಅತಿ ಮೌನಿಯನ್ನು ಆರಿಸುತ್ತೇನೆ. ಅವನು ನಿಂತ ರೀತಿಯಿಂದಲೇ ಸುಲ್ತಾನ ಯಾರೆಂದು ತಿಳಿಯಬೇಕು.

ಅದೇ ನಾಟಕದ ಅಜೀಜ್‌ನನ್ನೂ ಮರೆಯಬೇಡಿ. ಸುಲ್ತಾನನ ಮೇಲೆಯೇ ದಾವೆ ಹೂಡಬಹುದು ಎಂಬ ಉದಾರ ನ್ಯಾಯದ ಲಾಭ ಪಡೆಯುವವನು, ಬ್ರಾಹ್ಮಣನ ವೇಷ ಹಾಕಿಕೊಂಡು ಬಂದ ಒಬ್ಬ ಅಗಸ. ತೀರ್ಪು ಒಂದು ಘಟನೆ. ಅದರಿಂದ ಇಬ್ಬರ ಬಣ್ಣವೂ ತಿಳಿಯುತ್ತದೆ, ಕೊಟ್ಟವನದೂ ಪಡೆದವನದೂ.

ವಾಣಿವಿಲಾಸ

ಹಿರಿಯೂರು ತಾಲ್ಲೂಕಿನ ಹೈಸ್ಕೂಲು ಶಿಕ್ಷಕಿ ನಾನು. ಎಲ್ಲರೂ ಪುಸ್ತಕದ ಮಾತಾಡುತ್ತಿದ್ದೀರಿ, ನಾನು ಪೆಟ್ಟು ತಿಂದ ಕಥೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿದ್ದಾಗ, ಒಂಬತ್ತನೆಯ ತರಗತಿಯವರಿಗೆ ನೀವೇ ಒಂದು ಪ್ರಾಣಿಕಥೆ ಬರೆಯಿರಿ, ಅದರಲ್ಲಿ ಊರಿನ ಆಡಳಿತ ಇರಲಿ ಎಂದೆ. ಒಬ್ಬ ಹುಡುಗ ನರಿಯ ಚಿತ್ರ ಬರೆದು ಅದರ ಕೆಳಗೆ ಸ್ಥಳೀಯ ಮುಖಂಡರೊಬ್ಬರ ಹೆಸರನ್ನೇ ಬರೆದ. ಕಥೆ ಎರಡೇ ಸಾಲು. ಮೂರನೆಯ ದಿನ ಒಬ್ಬ ಪೋಷಕರು ಬಂದರು. "ನೀವು ಯಾವ ಪಕ್ಷದವರು ಮೇಡಂ?" ಎಂಬುದೇ ಮೊದಲ ಮಾತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಪಾಠದಲ್ಲಿದ್ದಷ್ಟು ಮಾಡಿ ಸಾಕು ಎಂದರು. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಬೇಸರ ಇಳಿದ ಮೇಲೆ ಯೋಚಿಸಿದಾಗ ತಪ್ಪು ನನ್ನದೂ ಇತ್ತು ಅನ್ನಿಸಿತು. ಹುಡುಗ ಹೆಸರು ಬರೆದದ್ದು ಧೈರ್ಯದಿಂದಲ್ಲ, ಸೋಮಾರಿತನದಿಂದ. ಹೆಸರು ಹಾಕಿದರೆ ಪಾತ್ರ ಕಟ್ಟುವ ಕೆಲಸ ಉಳಿಯುತ್ತದಲ್ಲ. ಮುಂದಿನ ವರ್ಷ ಒಂದು ಕಟ್ಟುಪಾಡು ಹಾಕಿದೆ: ಬದುಕಿರುವ ಯಾರ ಹೆಸರೂ ಬರಬಾರದು, 'ಕೆಟ್ಟವನು', 'ಒಳ್ಳೆಯವನು', 'ಮೋಸಗಾರ' ಎಂಬ ಪದಗಳೂ ಬರಬಾರದು. ಪ್ರಾಣಿ ಎರಡು ಸಲ ಮಾತಾಡಬೇಕು, ಎರಡು ಮಾತಿನ ನಡುವೆ ಏನಾದರೂ ನಡೆಯಬೇಕು.

ಆಗ ಒಬ್ಬಳು ಬರೆದುಕೊಂಡು ಬಂದದ್ದು ಇದು. ಮಳೆ ಬಾರದ ವರ್ಷ, ಕೆರೆ ಬತ್ತುತ್ತಿದೆ. ನೀರು ಹಂಚುವ ಸಭೆಗೆ ಕೊಕ್ಕರೆ ಅಧ್ಯಕ್ಷ. "ನನಗೆ ಒಂದು ಹನಿಯೂ ಬೇಡ, ಎಮ್ಮೆಗಳು ಮೊದಲು ಕುಡಿಯಲಿ" ಎನ್ನುತ್ತದೆ. ಎಲ್ಲರೂ ಕೊಕ್ಕರೆಯ ತ್ಯಾಗವನ್ನು ಕೊಂಡಾಡುತ್ತಾರೆ. ಎಮ್ಮೆಗಳು ಹೊಟ್ಟೆ ತುಂಬ ಕುಡಿಯುತ್ತವೆ. ನೀರು ಮೊಣಕಾಲಿಗೆ ಇಳಿಯುತ್ತದೆ, ಮೀನುಗಳಿಗೆ ಅಡಗಲು ಜಾಗವಿಲ್ಲ. ಕೊನೆಯಲ್ಲಿ ಕೊಕ್ಕರೆ ಮತ್ತೆ ಹೇಳುತ್ತದೆ: "ಇನ್ನೂ ಸ್ವಲ್ಪ ಕುಡಿಯಿರಿ."

ಅಷ್ಟೇ ಕಥೆ. ನಾನು ಎರಡು ಸಲ ಓದಿದ ಮೇಲೆ ಅರ್ಥವಾಯಿತು. ಮೊದಲ ಮಾತಿನಲ್ಲಿ ದೊಡ್ಡತನ ಕಾಣುತ್ತದೆ, ಕೊನೆಯ ಮಾತಿನಲ್ಲಿ ಹಸಿವು. ನಡುವೆ ಬದಲಾದದ್ದು ನೀರಿನ ಮಟ್ಟ ಮಾತ್ರ. ಆ ಪೋಷಕರು ಈ ಕಥೆ ನೋಡಿದ್ದರೆ ಯಾರನ್ನು ದೂರುತ್ತಿದ್ದರೋ ಕಾಣೆ.

ತುರುವನೂರು ಮೇಷ್ಟ್ರು

ಕೊಕ್ಕರೆಯ ಕಥೆ ಬರೆದ ಮಗುವಿಗೆ ನನ್ನ ಆಶೀರ್ವಾದ ತಿಳಿಸಿ ತಾಯಿ.

ಇದನ್ನು ಓದಿದ ಮೇಲೆ ಪಂಚತಂತ್ರ ನೆನಪಾಗದೆ ಇರುತ್ತದೆಯೇ? ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಅದನ್ನು ಕನ್ನಡಕ್ಕೆ ತಂದ. ಅವನು ಚಾಲುಕ್ಯರ ಆಸ್ಥಾನದಲ್ಲಿ ಅಧಿಕಾರದಲ್ಲಿದ್ದವನು, ಅರಮನೆಯ ಪಿಸುಮಾತು ಅವನಿಗೆ ಪುಸ್ತಕದಿಂದ ಬರಬೇಕಾಗಿರಲಿಲ್ಲ. ನಾವು ಅದನ್ನು ನೀತಿಕಥೆ ಎಂದು ಚಿಕ್ಕ ಮಕ್ಕಳ ಕೈಗೆ ಕೊಟ್ಟು ಕೈ ತೊಳೆದುಕೊಂಡೆವು. ಅದು ರಾಜಕುಮಾರರಿಗೆ ರಾಜಕಾರಣ ಕಲಿಸಲು ಹೇಳಿದ ಕಥೆ.

ಸಿಂಹ ಪಿಂಗಲಕ, ಎತ್ತು ಸಂಜೀವಕ, ಇಬ್ಬರೂ ಜೀವದ ಗೆಳೆಯರು. ದಮನಕ ಎಂಬ ನರಿ ಸಿಂಹದ ಬಳಿ ಹೋಗಿ ಎತ್ತು ನಿನ್ನ ಸಿಂಹಾಸನದ ಮೇಲೆ ಕಣ್ಣಿಟ್ಟಿದೆ ಎನ್ನುತ್ತದೆ. ಎತ್ತಿನ ಬಳಿ ಬಂದು ಸಿಂಹ ನಿನ್ನನ್ನು ತಿನ್ನಲಿದೆ ಎನ್ನುತ್ತದೆ. ಇಷ್ಟಾದರೆ ಸಾಮಾನ್ಯ ಚಾಡಿ. ದಮನಕನ ಕೈಚಳಕ ಇರುವುದು ಮುಂದೆ. ನಂಬಿಕೆ ಬಾರದಿದ್ದರೆ ಅವನ ಭಂಗಿ ನೋಡು, ಕಿವಿ ನಿಮಿರಿಸಿ, ಕಣ್ಣು ಕೆಂಪಾಗಿಸಿಕೊಂಡು ಕುಳಿತಿದ್ದರೆ ನನ್ನ ಮಾತು ನಿಜವೆಂದು ತಿಳಿ ಎಂದು ಗುರುತು ಹೇಳಿಕೊಡುತ್ತಾನೆ. ಚಾಡಿ ಕೇಳಿ ಹೆದರಿದ ಎತ್ತು ಅಳುಕುತ್ತ ಬರುತ್ತದೆ. ಚಾಡಿ ಕೇಳಿ ಕೆರಳಿದ ಸಿಂಹ ಸೆಟೆದು ಕುಳಿತಿದೆ. ಇಬ್ಬರೂ ಒಬ್ಬರ ಮೈಯಲ್ಲಿ ಇನ್ನೊಬ್ಬರು ಸಾಕ್ಷಿ ಕಾಣುತ್ತಾರೆ. ಸಾಕ್ಷಿ ಕಂಡದ್ದೂ ನಿಜ, ಗೆಳೆತನವಿದ್ದದ್ದೂ ನಿಜ, ಸುಳ್ಳು ಮಾತ್ರ ನಡುವೆ ಓಡಾಡಿದ್ದು. ಜಗಳದ ಜಾಗದಲ್ಲಿ ದಮನಕ ಬಾಯಿ ತೆರೆಯಬೇಕಾಗಿಯೂ ಇಲ್ಲ.

ಮಾತಿನಿಂದ ಪಾತ್ರ ತಿಳಿಯುತ್ತದೆ ಎಂದಷ್ಟೇ ಕಲಿಸಿದರೆ ವಿದ್ಯಾರ್ಥಿ ದಮನಕನನ್ನು ಹಿತೈಷಿ ಎಂದೇ ಬರೆಯುತ್ತಾನೆ. ಮಾತು ಯಾವ ಘಟನೆಯನ್ನು ಹೆತ್ತಿತು ಎಂದು ಕೇಳಿಸಬೇಕು. ನಮ್ಮ ಓಬವ್ವನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಮಾತೇ ಇಲ್ಲ. ಗಂಡ ಊಟಕ್ಕೆ ಕುಳಿತಿದ್ದಾನೆ, ಅವಳು ಕಿಂಡಿಯಲ್ಲಿ ಶತ್ರುವನ್ನು ಕಂಡರೂ ಅವನನ್ನು ಎಬ್ಬಿಸುವುದಿಲ್ಲ, ಒನಕೆ ಹಿಡಿಯುತ್ತಾಳೆ. ಊಟಕ್ಕೆ ಕುಳಿತವನನ್ನು ಎಬ್ಬಿಸಬಾರದು ಎಂಬ ಗೃಹಿಣಿಯ ಅಭ್ಯಾಸವೂ ಕೋಟೆ ಕಾಯುವ ಎದೆಗಾರಿಕೆಯೂ ಒಂದೇ ಗಳಿಗೆಯಲ್ಲಿ ಕಾಣುತ್ತವೆ. ಅನ್ಯೋಕ್ತಿಯಲ್ಲ ಬಿಡಿ, ಊರಿನ ಅಭಿಮಾನಕ್ಕೆ ಬರೆದೆ.

ದೊಡ್ಡೇರಿ ಹುಡುಗ

ಹಿರಿಯರ ನಡುವೆ ಮಾತನಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ನಾನು ಚಂದ್ರವಳ್ಳಿ ಮೇಡಂ ಅವರ ಓದುಕೂಟದಲ್ಲೇ ಇದ್ದೇನೆ. "ಸ್ಟಾಲಿನ್ ಅಲ್ಲವೇ" ಎಂದವನು ನಾನಲ್ಲ, ನನ್ನ ಪಕ್ಕದವನು.

ನಮ್ಮದು ಚಳ್ಳಕೆರೆ ಸೀಮೆ, ಮ್ಯಾಸಬೇಡರ ಮನೆ. ನಮ್ಮಲ್ಲಿ ದೇವರ ಎತ್ತುಗಳಿವೆ. ಅವುಗಳನ್ನು ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಾಯುವವನನ್ನು ಕಿಲಾರಿ ಎನ್ನುತ್ತೇವೆ, ನನ್ನ ದೊಡ್ಡಪ್ಪನೇ ಕಿಲಾರಿ. ಎತ್ತು ಸತ್ತರೆ ಮನುಷ್ಯರಿಗೆ ಮಾಡಿದಂತೆಯೇ ಮಣ್ಣು ಮಾಡುತ್ತೇವೆ. ಒಂಬತ್ತನೆಯ ಅಧ್ಯಾಯದಲ್ಲಿ ಬಾಕ್ಸರ್‌ನನ್ನು ಕಡಿಯುವವನ ಗಾಡಿಯಲ್ಲಿ ಸಾಗಿಸುವುದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವನು ದುಡಿಯುವ ವರ್ಗ ಎಂದು ಪಟ್ಟಿಯಲ್ಲಿತ್ತು. ವರ್ಗಕ್ಕೆ ನಿದ್ರೆ ಕೆಡುವುದಿಲ್ಲ, ಎತ್ತಿಗೆ ಕೆಡುತ್ತದೆ.

ಒಂದು ವಿಷಯ ಗಮನಿಸಿದೆ. ಬಾಕ್ಸರ್‌ಗೆ ಎರಡೇ ಮಾತು: ಇನ್ನೂ ಹೆಚ್ಚು ದುಡಿಯುತ್ತೇನೆ, ನೆಪೋಲಿಯನ್ ಹೇಳಿದ್ದೇ ಸರಿ. ಯಾರು ಏನೇ ಕೇಳಲಿ, ಏನೇ ಆಗಲಿ, ಅವನ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಒಮ್ಮೆ ಮಾತ್ರ ಅವನು ತಡೆಯುತ್ತಾನೆ. ಜೋನ್ಸ್ ಮರಳಿ ಬಂದಾಗ ನಡೆದ ಗೋಶಾಲೆಯ ಕಾಳಗದಲ್ಲಿ ಸ್ನೋಬಾಲ್ ದ್ರೋಹಿಯಾಗಿದ್ದ ಎಂದು ಸ್ಕ್ವೀಲರ್ ಹೇಳಿದಾಗ, ನಾನು ನಂಬುವುದಿಲ್ಲ, ಅವನು ಹೋರಾಡಿದ್ದನ್ನು ನಾನೇ ನೋಡಿದ್ದೇನೆ ಎನ್ನುತ್ತಾನೆ. ನೆಪೋಲಿಯನ್ ಹಾಗೆ ಹೇಳಿದ್ದಾರೆ ಎಂದ ಕೂಡಲೇ ಸುಮ್ಮನಾಗುತ್ತಾನೆ. ಆದರೂ ಸ್ವಲ್ಪ ದಿನಗಳಲ್ಲೇ ಆ ನಾಯಿಗಳು ಅವನ ಮೇಲೆ ಹಾರುತ್ತವೆ. ಆ ಒಂದು ವಾಕ್ಯಕ್ಕಾಗಿಯೇ ಹಾರಿದವು ಎಂದು ನನಗೆ ಅನ್ನಿಸುತ್ತದೆ. ಪುಸ್ತಕದಲ್ಲಿ ಹಾಗೆಂದು ಬರೆದಿಲ್ಲ, ಎರಡು ಘಟನೆ ಹತ್ತಿರ ಹತ್ತಿರ ಇಟ್ಟಿದ್ದಾನೆ ಅಷ್ಟೇ. ಬಾಕ್ಸರ್ ಒಂದು ನಾಯಿಯನ್ನು ಗೊರಸಿನಡಿ ಹಿಡಿದುಕೊಂಡು, ಇದನ್ನು ತುಳಿಯಲೇ ಬಿಡಲೇ ಎಂಬಂತೆ ನೆಪೋಲಿಯನ್ ಕಡೆ ನೋಡುತ್ತಾನೆ. ಆ ನೋಟವನ್ನು ಓದಿದಾಗ ನನಗೆ ಸಿಟ್ಟು ಬಂತು. ಗೊರಸು ನಿನ್ನದು, ಅಪ್ಪಣೆ ಯಾರನ್ನು ಕೇಳುತ್ತೀಯ?

ಹಳೆಪರದೆ

ತಮ್ಮಾ, ನೀನು ಯಾವಾಗ ಬೇಕಾದರೂ ಹಿರಿಯರ ನಡುವೆ ಮಾತನಾಡು.

ಮಂಡಕ್ಕಿಭಟ್ಟಿ

ಸರಿ, ಸೋತೆ ಎಂದು ಹೇಳುವುದಿಲ್ಲ, ಅರ್ಧ ಸೋತೆ. ದೊಡ್ಡೇರಿಯ ಹುಡುಗನ ಬರಹ ಓದಿದ ಮೇಲೆ ಪುಸ್ತಕವನ್ನು ಮತ್ತೆ ತೆಗೆದು ಕುಳಿತೆ. ನಾನು ಪಾಠ ಮಾಡುವಾಗ ಸ್ನೋಬಾಲ್‌ನನ್ನು ಪಾಪದವನಂತೆಯೇ ಹೇಳುತ್ತಿದ್ದೆ, ಟ್ರಾಟ್‌ಸ್ಕಿಯ ಮೇಲೆ ನನಗೆ ಹಳೆಯ ಕನಿಕರ. ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ಉದುರಿದ ಸೇಬುಗಳೂ ಹಾಲಿನಂತೆ ಹಂದಿಗಳಿಗೇ ಎಂದು ತೀರ್ಮಾನವಾದಾಗ ಎಲ್ಲ ಹಂದಿಗಳೂ ಒಪ್ಪಿದವು, ಸ್ನೋಬಾಲ್ ಮತ್ತು ನೆಪೋಲಿಯನ್ ಕೂಡ ಎಂದಿದೆ. ಎಲ್ಲದಕ್ಕೂ ಕಿತ್ತಾಡುವ ಇಬ್ಬರು ಇದೊಂದಕ್ಕೆ ಒಂದಾದರು. ಸ್ನೋಬಾಲ್‌ನ ಅಷ್ಟೊಂದು ಭಾಷಣಗಳಲ್ಲಿ ಈ ಬಗ್ಗೆ ಒಂದು ಮಾತೂ ಇಲ್ಲ. ಪಟ್ಟಿ ನನ್ನ ಕಣ್ಣಿಗೂ ಕನ್ನಡಕ ಹಾಕಿತ್ತು.

ಆದರೂ ಉಳಿದ ಅರ್ಧ ಬಿಡಲಾರೆ. ಪಟ್ಟಿ ಹೊಂದದ ಕಡೆ ಮಕ್ಕಳಿಗೆ ತೋರಿಸಿ. ಲೆನಿನ್‌ಗೆ ಆ ಹಟ್ಟಿಯಲ್ಲಿ ತನ್ನದೇ ಆದ ಪ್ರಾಣಿ ಇಲ್ಲ, ದಂಗೆಯ ಕನಸು ಬಿತ್ತಿದ ಹಂದಿ ಮುದಿ ಮೇಜರ್‌ನಲ್ಲಿ ಮಾರ್ಕ್ಸ್ ಜೊತೆ ಅವನನ್ನೂ ಬೆರೆಸಿದಂತಿದೆ. ಏಕೆ ಬಿಟ್ಟ, ಬಿಟ್ಟದ್ದರಿಂದ ಕಥೆ ಯಾವ ಕಡೆ ವಾಲಿತು? ಇದನ್ನು ಕೇಳಲು ಇತಿಹಾಸ ಬೇಕೇ ಬೇಕು. ಪಟ್ಟಿಯನ್ನು ಕೊನೆಯ ಶನಿವಾರಕ್ಕೆ ಇಟ್ಟುಕೊಳ್ಳಿ, ಹರಿದು ಹಾಕಬೇಡಿ. ದಾವಣಗೆರೆಗೆ ಬಂದರೆ ಬೆಣ್ಣೆದೋಸೆ ನನ್ನ ಲೆಕ್ಕ, ಅಲ್ಲೇ ಉಳಿದ ಜಗಳ ಮುಗಿಸೋಣ.

ಚಂದ್ರವಳ್ಳಿ

ಮೂರು ಶನಿವಾರ ಕಳೆದಿವೆ. ನಡೆದದ್ದನ್ನು ಹೇಳಬೇಕು.

ಮೊದಲ ಶನಿವಾರ ಕಾಲೇಜಿನ ಕ್ಯಾಂಟೀನಿನಿಂದ ಐದು ಬಕೆಟ್ ತಂದೆ. ಹಳೆಪರದೆಯವರು ಹೇಳಿದಂತೆ ಯಾರಿಗೂ ನೀನು ಇಂಥವನು ಎಂದು ಹೇಳಲಿಲ್ಲ, ಮಾತು ಮಾತ್ರ ಕೊಟ್ಟೆ. ನೆಪೋಲಿಯನ್ ಆದ ಹುಡುಗ ಮೊದಲು ಬಕೆಟ್ಟಿನ ಹಿಂದೆ ನಿಂತು ಹೇಳಿದ. ಯಾರೂ ಕದಲಲಿಲ್ಲ, ಎಲ್ಲರ ಕಣ್ಣು ಬಕೆಟ್ಟಿನ ಮೇಲೇ. ಎರಡನೆಯ ಸಲ ತಾನಾಗಿಯೇ ಮುಂದೆ ಬಂದು ಅಡ್ಡ ನಿಂತ. ಕೋಳಿಯಾದ ಹುಡುಗಿ ಇಣುಕಿ ನೋಡಲು ಪಕ್ಕಕ್ಕೆ ಬಾಗಿದಳು, ಅವನೂ ಅದೇ ಕಡೆ ವಾಲಿದ. ಇಡೀ ಕೋಣೆ ನಕ್ಕಿತು, ಆಮೇಲೆ ನಗು ಒಮ್ಮೆಲೇ ನಿಂತಿತು. ನಾನು ಪ್ರಶ್ನೆ ಕೇಳಬೇಕಾಗಲೇ ಇಲ್ಲ.

ಎರಡನೆಯ ಶನಿವಾರ ಮೇಷ್ಟ್ರ ಬಾಲಂಗೋಚಿ. ಪ್ರತಿ ಮಾತಿನ ಎದುರು 'ಆಮೇಲೆ ಏನಾಯಿತು' ಎಂದು ಬರೆಯಿಸಿದೆ. ಬಾಕ್ಸರ್ ಆಸ್ಪತ್ರೆಯಲ್ಲಿ ನೆಮ್ಮದಿಯಿಂದ ಕಣ್ಣು ಮುಚ್ಚಿದ ಎಂದು ಸ್ಕ್ವೀಲರ್ ಕಣ್ಣೀರು ಒರೆಸಿಕೊಳ್ಳುವ ಮಾತಿನ ಎದುರು, ಹಂದಿಗಳಿಗೆ ಇನ್ನೊಂದು ಪೆಟ್ಟಿಗೆ ವಿಸ್ಕಿ ಕೊಳ್ಳಲು ಎಲ್ಲಿಂದಲೋ ಹಣ ಬಂತು ಎಂಬ ಸಾಲನ್ನು ಏಳು ಜನ ಬರೆದಿದ್ದರು. ಉಳಿದವರು 'ಎಲ್ಲರಿಗೂ ಸಮಾಧಾನವಾಯಿತು' ಎಂದು ಬರೆದಿದ್ದರು. ಅದೂ ಪುಸ್ತಕದಲ್ಲೇ ಇದೆ, ತಪ್ಪೆನ್ನಲಾರೆ.

ಮೂರನೆಯ ಶನಿವಾರ ಕತ್ತೆ ನಮ್ಮನ್ನು ಹಿಡಿದಿಟ್ಟಿತು. ಬೆಂಜಮಿನ್‌ನ ಬಗ್ಗೆ ಪಟ್ಟಿಗಳಲ್ಲಿ 'ನಿರಾಶಾವಾದಿ ಬುದ್ಧಿಜೀವಿ' ಎಂದಿರುತ್ತದೆ. ಒಬ್ಬ ಹುಡುಗಿ ಅವನು ಓದುವ ಜಾಗಗಳನ್ನಷ್ಟೇ ಗುರುತು ಹಾಕಿಕೊಂಡು ಬಂದಿದ್ದಳು. ಅವನಿಗೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ. ಎಂಟನೆಯ ಅಧ್ಯಾಯದಲ್ಲಿ, ಕೊಲೆಗಳಾದ ಮೇಲೆ, ಕೊಲೆ ಕೂಡದೆಂಬ ಗೋಡೆಯ ಆರನೆಯ ಕಟ್ಟಳೆ ಓದಿ ಹೇಳು ಎಂದು ಕ್ಲೋವರ್ ಎಂಬ ಹೆಣ್ಣು ಕುದುರೆ ಕೇಳುತ್ತಾಳೆ. ಇಂಥದ್ದರಲ್ಲಿ ನಾನು ತಲೆಹಾಕುವುದಿಲ್ಲ ಎಂದುಬಿಡುತ್ತಾನೆ. ಒಂಬತ್ತರಲ್ಲಿ, ಎಲ್ಲರೂ ಬಾಕ್ಸರ್‌ಗೆ ಹೋಗಿ ಬಾ ಎನ್ನುತ್ತಿರುವಾಗ, ಗಾಡಿಯ ಮೇಲೆ ಕುದುರೆ ಕಡಿಯುವವನ ಹೆಸರಿರುವುದನ್ನು ಅವನೇ ಕೂಗಿ ಓದುತ್ತಾನೆ, ಅಷ್ಟರಲ್ಲಿ ಗಾಡಿ ಹೊರಟುಬಿಡುತ್ತದೆ. ಹತ್ತರಲ್ಲಿ ಕ್ಲೋವರ್‌ಗೆ ಕಣ್ಣು ಮಂಜಾಗಿದೆ, ಅವಳು ಕೇಳಿದಾಗ ಮರುಮಾತಿಲ್ಲದೆ ಓದಿ ಹೇಳುತ್ತಾನೆ, ಆ ಹೊತ್ತಿಗೆ ಗೋಡೆಯ ಮೇಲೆ ಉಳಿದಿರುವುದು ಒಂದೇ ಕಟ್ಟಳೆ.

"ಮೂರು ಸಲವೂ ಓದು ಬರುತ್ತಿತ್ತು ಮೇಡಂ," ಎಂದಳು. ಅವಳ ಅಜ್ಜಿಗೆ ಬ್ಯಾಂಕಿನ ಕಾಗದ ಬಂದರೆ ಇವಳೇ ಓದಿ ಹೇಳಬೇಕಂತೆ. ಒಮ್ಮೆ ಆಟದ ಗಡಿಬಿಡಿಯಲ್ಲಿ ಆಮೇಲೆ ಓದುತ್ತೇನೆ ಎಂದು ಕಾಗದವನ್ನು ಗೂಡಿನಲ್ಲಿಟ್ಟು ಮರೆತಿದ್ದಳಂತೆ. ಏನಾಯಿತೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಆ ದೃಶ್ಯವನ್ನು ಆಡಿ ತೋರಿಸುತ್ತೇವೆ ಎಂದು ಹಟ ಹಿಡಿದಿದ್ದಾರೆ. ಕತ್ತೆಯ ಪಾತ್ರ ಅವಳದೇ. ಹಳೆಪರದೆಯವರಿಗೆ ಅವಳ ಪ್ರಶ್ನೆ: ಗಾಡಿಯ ಮೇಲಿನ ಅಕ್ಷರಗಳನ್ನು ಬೇಗ ಓದಬೇಕೇ, ನಿಧಾನವಾಗಿಯೇ? ಪಟ್ಟಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ, ಭಟ್ಟಿಯವರ ಮಾತಿನಂತೆ ಮುಂದಿನ ಶನಿವಾರ ತೆಗೆಯುತ್ತೇನೆ.

ಹಳೆಪರದೆ

ಅಕ್ಷರ ಬಲ್ಲವನು ಬೇಗ ಓದಬಲ್ಲ. ಆದರೆ ಎಷ್ಟೋ ವರ್ಷ ಗಟ್ಟಿಯಾಗಿ ಓದದೆ ಬಿಟ್ಟ ಬಾಯಿ ಅದು. ಮೊದಲ ಪದ ತೊಡರಲಿ, ಎರಡನೆಯದು ಓಡಲಿ. ಗಾಡಿ ಎಳೆಯುವ ಹುಡುಗರಿಗೆ ಮಾತ್ರ ಅವಳಿಗಾಗಿ ಕಾಯಬೇಡಿ ಎಂದು ಹೇಳಿಬಿಡಿ ಮೇಡಂ. ಅವಳಿಗೆ ಇದನ್ನು ತಿಳಿಸಬೇಡಿ.